4.2 ದೊಡ್ಡದಾ, 4 ದೊಡ್ಡದಾ? ವಿಡಿಯೋ ಗೇಮ್ ಜನರೇಷನ್ನಿನ ಲೆಕ್ಕ

ಅಳಿಯ ಎಸ್‌ಎಸ್‌ಎಲ್‌ಸಿ ಪಾಸಾದ. ಒಳ್ಳೆ ಮಾರ್ಕ್ಸ್ ತೆಗೆದರೆ ಟಿವಿಗೆ ಹಚ್ಚುವ ವಿಡಿಯೋ ಗೇಮ್ ಕೊಡಿಸುತ್ತೇನೆ ಅಂತ ಅವರಪ್ಪ ಮಾತು ಕೊಟ್ಟಿದ್ದರು. ಮಾತು ಕೊಡುವಾಗ ಇವನು ಇಷ್ಟು ಓದುತ್ತಾನೆ ಅಂತ ಅವರು ಅಂದುಕೊಂಡಿರಲಿಲ್ಲ ಅನ್ನಿಸುತ್ತದೆ.

ಅಪ್ಪ ಮಗ ಇಬ್ಬರೂ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿ ಒಂದು ಅಂಗಡಿ ನೋಡಿ ಬಂದರು. ಗೇಮ್ ತರಲಿಲ್ಲ, ಜಗಳ ತಂದರು. ಅಂಗಡಿಯವರು ಎರಡು ಪೆಟ್ಟಿಗೆ ತೋರಿಸಿದ್ದರಂತೆ. ಒಂದು ಸೋನಿ ಕಂಪನಿಯ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4 ಪ್ರೊ. ಇನ್ನೊಂದು ಮೈಕ್ರೋಸಾಫ್ಟ್ ಕಂಪನಿಯ ಹೊಸ ಎಕ್ಸ್‌ಬಾಕ್ಸ್ ಸೀರೀಸ್ ಎಸ್. ಭಾವ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವರು. ಅವರಿಗೆ ಅಂಕಿ ಬೇಕು, ಬಣ್ಣದ ಮಾತು ಬೇಡ. ಅಂಗಡಿಯಲ್ಲೇ ನಿಂತು ಮೊಬೈಲಿನಲ್ಲಿ ಎರಡರ ಗ್ರಾಫಿಕ್ಸ್ ಶಕ್ತಿ ಹುಡುಕಿದರು. ಪ್ರೊಗೆ 4.2 ಟೆರಾಫ್ಲಾಪ್. ಸೀರೀಸ್ ಎಸ್‌ಗೆ 4.

"ಜಾಸ್ತಿ ಇದ್ದದ್ದು ಹಳೇ ಜನರೇಷನ್ ಅಂತ, ಕಡಿಮಿ ಇದ್ದದ್ದು ಹೊಸಾದಂತ. ಇದ್ಯಾವ ಲೆಕ್ಕ?" ಅನ್ನೋದು ಭಾವನ ಪ್ರಶ್ನೆ.

"ಅದು ಲಾಸ್ಟ್ ಜೆನ್ ಅದ ಅಪ್ಪಾ. ಜಿಟಿಎ ಆರು ಅದರಾಗ ಬರಂಗೇ ಇಲ್ಲ" ಅನ್ನೋದು ಅಳಿಯನ ವಾದ.

ಹುಡುಗ ಹೇಳಿದ್ದು ಸುಳ್ಳಲ್ಲ. ಆ ಗೇಮ್ ತಯಾರಿಸುವವರು ಪ್ರಕಟಿಸಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಸೀರೀಸ್ ಎಸ್‌ಗಳಿಗೆ. ಪಿಎಸ್ 4 ಪ್ರೊ ಹೆಸರು ಅದರಲ್ಲಿಲ್ಲ. ಅಪ್ಪ ಹೇಳಿದ್ದೂ ಸುಳ್ಳಲ್ಲ, 4.2 ಅನ್ನೋದು 4ಕ್ಕಿಂತ ದೊಡ್ಡದೇ. ಪಂಚಾಯ್ತಿಗೆ ನನ್ನನ್ನು ಕರೆದರು. ರೊಟ್ಟಿ, ಪುಂಡಿ ಪಲ್ಯದ ಮುಂದೆ ಕೂತು ಆ ದಿನ ನಾನು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ಎಷ್ಟೋ ಮನೆಗಳಲ್ಲಿ ಏಳುವ ಕಾಲ ಇದು.

ಕನ್ಸೋಲ್ ಅಂದರೆ ಏನು, ಜನರೇಷನ್ ಅಂದರೆ ಏನು

ಕನ್ಸೋಲ್ ಅಂದರೆ ಗೇಮ್ ಆಡುವುದಕ್ಕೆಂದೇ ಮಾಡಿದ ಕಂಪ್ಯೂಟರ್. ಒಂದು ತುದಿ ಟಿವಿಗೆ, ಇನ್ನೊಂದು ತುದಿ ನಮ್ಮ ಕೈಯಲ್ಲಿ. ಮಾಮೂಲಿ ಕಂಪ್ಯೂಟರಿಗೂ ಇದಕ್ಕೂ ಮುಖ್ಯ ಫರಕ್ ಒಂದೇ. ಕಂಪ್ಯೂಟರು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಥರ ಇರುತ್ತದೆ. ಕನ್ಸೋಲು ಹಾಗಲ್ಲ. ಪಿಎಸ್ 4 ಅಂದರೆ ಕಲಬುರಗಿಯಲ್ಲೂ ಅದೇ, ಟೋಕಿಯೋದಲ್ಲೂ ಅದೇ. ಗೇಮ್ ಬರೆಯುವವರಿಗೆ ಒಳಗೆ ಏನಿದೆ ಅಂತ ಮೊದಲೇ ಖಾತ್ರಿ ಇರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜನರೇಷನ್ ಅಂದರೆ ಹೆಚ್ಚೂ ಕಡಿಮೆ ಒಂದೇ ಕಾಲದಲ್ಲಿ ಬಂದು, ಒಂದೇ ಗಿರಾಕಿಗಾಗಿ ಪೈಪೋಟಿ ಮಾಡಿದ ಪೆಟ್ಟಿಗೆಗಳ ಗುಂಪು. ಅಣ್ಣತಮ್ಮಂದಿರ ಮಕ್ಕಳೆಲ್ಲ ಒಂದೇ ತಲೆಮಾರು ಅಂತೀವಲ್ಲ, ಹಾಗೆ. ಮೊದಲನೆಯದು ಅಮೆರಿಕದಲ್ಲಿ 1972ರಲ್ಲಿ ಬಂದ ಮ್ಯಾಗ್ನಾವಾಕ್ಸ್ ಒಡಿಸ್ಸಿ, ರಾಲ್ಫ್ ಬೇರ್ ಅವರ ಕೈಕೆಲಸ. ಅದರಲ್ಲಿ ಸದ್ದಿಲ್ಲ, ಬಣ್ಣವಿಲ್ಲ. ಬಣ್ಣ ಬೇಕಾದರೆ ಪ್ಲಾಸ್ಟಿಕ್ ಹಾಳೆಯನ್ನು ಟಿವಿ ಗಾಜಿಗೆ ಅಂಟಿಸಬೇಕಿತ್ತು. ಅಲ್ಲಿಂದ ಎಣಿಸುತ್ತ ಬಂದರೆ ಪಿಎಸ್ 4 ಎಂಟನೆಯದು, ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಒಂಬತ್ತನೆಯದು.

ಈ ನಂಬರನ್ನು ಯಾವ ಕಂಪನಿಯೂ ಡಬ್ಬಿಯ ಮೇಲೆ ಅಚ್ಚು ಹಾಕಿಲ್ಲ. ಇತಿಹಾಸ ಬರೆಯುವವರು ಆಮೇಲೆ ಕೂತು ಎಣಿಸಿದ್ದು. ಆ ಕಾಲದ ಜನ ತಮ್ಮದು ಮೂರನೇ ಜನರೇಷನ್ ಅಂತ ಹೇಳಿಕೊಂಡು ತಿರುಗಲಿಲ್ಲ. ಅವರ ಬಾಯಲ್ಲಿ ಇದ್ದದ್ದು ಬೇರೆ ಪದ: ಬಿಟ್.

ಟೆರಾಫ್ಲಾಪ್ ಅನ್ನೋ ಪದ

ಬಿಟ್‌ಗೆ ಹೋಗುವ ಮೊದಲು ಭಾವನ 4.2 ಅನ್ನು ಬಿಡಿಸೋಣ.

ಟಿವಿ ಪರದೆ ಅಂದರೆ ಸಣ್ಣ ಸಣ್ಣ ಚುಕ್ಕಿಗಳ ರಾಶಿ. ಈ ಚುಕ್ಕಿಗೆ ಪಿಕ್ಸೆಲ್ ಅಂತಾರೆ. ಫುಲ್ ಎಚ್‌ಡಿ ಟಿವಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20.7 ಲಕ್ಷ ಚುಕ್ಕಿ. 4ಕೆ ಟಿವಿಯಲ್ಲಿ ಅದರ ನಾಲ್ಕು ಪಟ್ಟು, ಸುಮಾರು 83 ಲಕ್ಷ. ಗೇಮ್ ನಡೆಯುವಾಗ ಈ ಪ್ರತಿ ಚುಕ್ಕಿಗೂ ಯಾವ ಬಣ್ಣ ಅಂತ ಲೆಕ್ಕ ಹಾಕಬೇಕು. ಒಂದು ಸಲ ಹಾಕಿದರೆ ಮುಗಿಯಲಿಲ್ಲ. ಚಲನೆ ನುಣ್ಣಗೆ ಕಾಣಬೇಕೆಂದರೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ಬರೆಯಬೇಕು. 83 ಲಕ್ಷವನ್ನು 60ರಿಂದ ಗುಣಿಸಿ. ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕಿ. ಒಂದೊಂದು ಚುಕ್ಕಿಗೂ ಬೆಳಕು ಎಲ್ಲಿಂದ ಬೀಳುತ್ತಿದೆ, ಅಲ್ಲಿ ಇರುವುದು ಕಲ್ಲೋ ನೀರೋ ಬಟ್ಟೆಯೋ ಅಂತ ಹತ್ತಾರು, ನೂರಾರು ಲೆಕ್ಕ.

ಈ ಕೂಲಿ ಕೆಲಸ ಮಾಡುವ ಚಿಪ್ಪೇ ಜಿಪಿಯು. ಅದು ಒಂದು ಸೆಕೆಂಡಿಗೆ ಗರಿಷ್ಠ ಎಷ್ಟು ದಶಮಾಂಶದ ಲೆಕ್ಕ ಹಾಕಬಲ್ಲದು ಅನ್ನೋದರ ಅಳತೆ ಫ್ಲಾಪ್. ಟೆರಾ ಅಂದರೆ ಲಕ್ಷ ಕೋಟಿ. ಹಾಗಾಗಿ 4.2 ಟೆರಾಫ್ಲಾಪ್ ಅಂದರೆ ಸೆಕೆಂಡಿಗೆ 4.2 ಲಕ್ಷ ಕೋಟಿ ಲೆಕ್ಕ.

"ಗರಿಷ್ಠ" ಅಂದೆನಲ್ಲ, ಅಲ್ಲೇ ಇರೋದು ಕಿತಾಪತಿ. ಮೋಟರ್ ಮೇಲೆ ಬರೆದ ಎಚ್‌ಪಿ ಥರ ಅದು. ಮೋಟರ್ ಅಷ್ಟು ತಿರುಗಬಲ್ಲದು ಅಂತ ಹೇಳುತ್ತದೆ. ಎಷ್ಟು ಬೇಳೆ ಬರುತ್ತದೆ ಅಂತ ಹೇಳುವುದಿಲ್ಲ.

ಕ್ಯಾಸೆಟ್ ಊದಿ ಆಡಿದವರ ಕಾಲ

ಈಗ ಬಿಟ್ ಕಥೆ. 90ರ ದಶಕದಲ್ಲಿ ನಮ್ಮ ಓಣಿಯಲ್ಲಿ ಟಿವಿ ಗೇಮ್ ಇದ್ದದ್ದು ಒಂದೇ ಮನೆಯಲ್ಲಿ. ಹಳದಿ ಕ್ಯಾಸೆಟ್. ಮೇಲೆ 9999 ಗೇಮ್ ಅಂತ ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಏಳೆಂಟು. ಅದೇ ಅದೇ ತಿರುಗಿ ಬರುತ್ತಿತ್ತು. ಪರದೆ ಕಪ್ಪಾದರೆ ಕ್ಯಾಸೆಟ್ ತೆಗೆದು, ಬುಡಕ್ಕೆ ಉಫ್ ಅಂತ ಊದಿ, ಮತ್ತೆ ಒತ್ತುವುದು. ಊದಿದ್ದಕ್ಕೇ ಚಾಲೂ ಆಯಿತು ಅಂತ ನಮ್ಮ ಗಟ್ಟಿ ನಂಬಿಕೆ. ನಿಜವಾಗಿ ತೆಗೆದು ಹಾಕಿದ್ದರಿಂದ ಪಿನ್ನುಗಳು ಸರಿಯಾಗಿ ಕೂಡುತ್ತಿದ್ದವು, ಊದಿದ್ದರಿಂದ ತೇವ ತಾಗಿ ಜಂಗು ಹಿಡಿಯುತ್ತಿತ್ತು ಅಷ್ಟೇ.

ಆ ಪೆಟ್ಟಿಗೆ ಜಪಾನಿನ ನಿಂಟೆಂಡೋ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು. ಅದರ ಒಳಗಿನ ಚಿಪ್ಪು 8 ಬಿಟ್‌ನದು. 8 ಬಿಟ್ ಅಂದರೆ ಒಂದೇ ಹೊರೆಯಲ್ಲಿ 0ರಿಂದ 255ರವರೆಗಿನ ಅಂಕಿ ಹೊರಬಲ್ಲದು. 16 ಬಿಟ್ ಆದರೆ 65,535ರವರೆಗೆ. ಹೊರೆ ದೊಡ್ಡದಾದಷ್ಟೂ ಕೆಲಸ ಬೇಗ. ಫ್ಯಾಮಿಕಾಮ್‌ನ ಮುಖ್ಯ ಮೆಮೊರಿ ಬರೀ 2 ಕಿಲೋಬೈಟ್. ಈ ಲೇಖನದ ಒಂದು ಸಣ್ಣ ಪ್ಯಾರಾ ಹಾಕಿದರೆ ತುಂಬಿಹೋಗುತ್ತದೆ.

ಮುಂದಿನ ಪೆಟ್ಟಿಗೆಗಳು 16 ಬಿಟ್: ಸೆಗಾದ ಮೆಗಾ ಡ್ರೈವ್ 1988ರಲ್ಲಿ, ನಿಂಟೆಂಡೋದ ಸೂಪರ್ ಫ್ಯಾಮಿಕಾಮ್ 1990ರಲ್ಲಿ. ಬಣ್ಣ ಜಾಸ್ತಿ, ಬೊಂಬೆ ದೊಡ್ಡದು, ಹಿನ್ನೆಲೆ ಎರಡು ಮೂರು ಪದರದಲ್ಲಿ ಸರಿಯುತ್ತಿತ್ತು. ಅಕ್ಕಪಕ್ಕ ಇಟ್ಟರೆ ಕುರುಡನಿಗೂ ಕಾಣುವಷ್ಟು ಫರಕ್. ಬಿಟ್ ಜಾಸ್ತಿಯಾಯಿತು, ಚಿತ್ರ ಸುಧಾರಿಸಿತು, ಜನರೇಷನ್ ಬದಲಾಯಿತು. ಮೂರೂ ಒಟ್ಟಿಗೇ ಆದವು. ಗ್ರಾಫಿಕ್ಸೇ ಜನರೇಷನ್ ಅನ್ನೋ ನಂಬಿಕೆ ಹುಟ್ಟಿದ್ದು ಇಲ್ಲಿ. ಆಗಿನ ಮಟ್ಟಿಗೆ ಅದು ತಪ್ಪೂ ಅಲ್ಲ.

ಇನ್ನೊಂದು ಮಾತು. ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಬಂದದ್ದು 1994ರ ಡಿಸೆಂಬರಿನಲ್ಲಿ. ಅದು ಐದನೇ ಜನರೇಷನ್. ಆಗ ನಾವು ಮೂರನೆಯದರ ನಕಲನ್ನು ಊದುತ್ತ ಕೂತಿದ್ದೆವು. ಜಗತ್ತಿನ ಜನರೇಷನ್ ಬೇರೆ, ಓಣಿಯ ಜನರೇಷನ್ ಬೇರೆ.

ಬಿಟ್ ಲೆಕ್ಕ ಕೈಕೊಟ್ಟಿತು

ಬಿಟ್ ಎಣಿಸಿ ಜನರೇಷನ್ ಹೇಳುವ ಪದ್ಧತಿ ಬೇಗನೇ ಎಡವಿತು. ಜಪಾನಿನಲ್ಲಿ 1987ರಲ್ಲಿ ಬಂದ ಪಿಸಿ ಎಂಜಿನ್ ಅನ್ನೋ ಪೆಟ್ಟಿಗೆಯ ಮುಖ್ಯ ಚಿಪ್ಪು 8 ಬಿಟ್, ಚಿತ್ರ ಬರೆಯುವ ಚಿಪ್ಪು 16 ಬಿಟ್. ಅದನ್ನು ಯಾವ ಸಾಲಿನಲ್ಲಿ ಕೂಡಿಸುವುದು? 16 ಬಿಟ್‌ನವರ ಜೊತೆ ಪೈಪೋಟಿ ಮಾಡಿತು ಅಂತ ನಾಲ್ಕನೇ ಜನರೇಷನ್ನಿಗೇ ಸೇರಿಸಿದರು. ಅಟಾರಿ 1993ರಲ್ಲಿ ಜಾಗ್ವಾರ್ ತಂದು 64 ಬಿಟ್ ಅಂತ ಡಂಗುರ ಹೊಡೆಯಿತು. ಪೆಟ್ಟಿಗೆ ಖರ್ಚಾಗಲಿಲ್ಲ.

ದೊಡ್ಡ ಪಾಠ ಅಂದರೆ ಪ್ಲೇಸ್ಟೇಷನ್ ಮತ್ತು 1996ರ ನಿಂಟೆಂಡೋ 64. ಒಂದು 32 ಬಿಟ್, ಇನ್ನೊಂದು ಹೆಸರಿನಲ್ಲೇ 64. ಆದರೂ ಎರಡೂ ಒಂದೇ ಜನರೇಷನ್. ಗೆದ್ದದ್ದು 32. ಅದು 10 ಕೋಟಿ ದಾಟಿತು, 64 ಸುಮಾರು 3.3 ಕೋಟಿಗೆ ನಿಂತಿತು. ಕಾರಣ ಬೇರೆ ಕಡೆ ಇತ್ತು. ಪ್ಲೇಸ್ಟೇಷನ್ ಸಿಡಿ ಬಳಸಿತು. ಒಂದು ಸಿಡಿಯಲ್ಲಿ ಸುಮಾರು 650 ಮೆಗಾಬೈಟ್ ಹಿಡಿಯುತ್ತಿತ್ತು, ನಿಂಟೆಂಡೋದ ಕ್ಯಾಸೆಟ್ಟಿನಲ್ಲಿ ಹೆಚ್ಚೆಂದರೆ 64 ಮೆಗಾಬೈಟ್. ಸಿಡಿ ಅಗ್ಗ ಬೇರೆ. ದೊಡ್ಡ ಕಥೆ ಹೇಳಬೇಕಾದವರು ಸಿಡಿ ಕಡೆ ಹೋದರು. 1997ರ ಫೈನಲ್ ಫ್ಯಾಂಟಸಿ 7 ಮೂರು ಸಿಡಿ ತುಂಬ ಬಂತು.

ಅಂದರೆ ಆ ಸಲ ಜನರೇಷನ್ನಿನ ಗುರುತು ಬಿಟ್ ಆಗಿರಲಿಲ್ಲ. ಚಪ್ಪಟೆ ಚಿತ್ರದಿಂದ ಮೂರು ಆಯಾಮದ ಲೋಕಕ್ಕೆ ಹಾರಿದ್ದು, ಕ್ಯಾಸೆಟ್ಟಿನಿಂದ ಸಿಡಿಗೆ ಹೊರಳಿದ್ದು, ಹೆಬ್ಬೆರಳಲ್ಲಿ ತಿರುಗಿಸುವ ಪುಟ್ಟ ಕಡ್ಡಿ ರಿಮೋಟಿಗೆ ಬಂದದ್ದು. ಆ ಕಡ್ಡಿ ಇವತ್ತಿಗೂ ಹೋಗಿಲ್ಲ ನೋಡಿ.

ಕಡಿಮೆ ಶಕ್ತಿ, ಆದರೂ ಹೊಸಾದು

2006ರಲ್ಲಿ ನಿಂಟೆಂಡೋ ವೀ ಅನ್ನೋ ಪೆಟ್ಟಿಗೆ ತಂತು. ಒಳಗೆ ಇದ್ದದ್ದು ಹಿಂದಿನ ಜನರೇಷನ್ನಿನ ತಮ್ಮದೇ ಗೇಮ್‌ಕ್ಯೂಬ್‌ನ ಚಿಪ್ಪುಗಳನ್ನು ಸ್ವಲ್ಪ ಚುರುಕು ಮಾಡಿದ ರೂಪ. ಗೇಮ್‌ಕ್ಯೂಬ್‌ನ ಚಿಪ್ಪಿನ ಓಟದ ವೇಗ 485 ಮೆಗಾಹರ್ಟ್ಸ್, ವೀದು 729. ಅದೇ ಹೊತ್ತಿನ ಪಿಎಸ್ 3, ಎಕ್ಸ್‌ಬಾಕ್ಸ್ 360 ಎಚ್‌ಡಿ ಚಿತ್ರ ಕೊಡುತ್ತಿದ್ದವು, ವೀ ಎಚ್‌ಡಿ ಕೊಡುತ್ತಲೇ ಇರಲಿಲ್ಲ. ಆದರೆ ಅದರ ರಿಮೋಟ್ ಕೈಯ ಚಲನೆ ಹಿಡಿಯುತ್ತಿತ್ತು. ಟೆನಿಸ್ ಆಡಬೇಕಾದರೆ ಕೈ ಬೀಸಿದರೆ ಆಯಿತು. ಅಜ್ಜಿ ತಾತಂದಿರೂ ಎದ್ದು ಆಡಿದರು. 10 ಕೋಟಿಗೂ ಜಾಸ್ತಿ ಮಾರಾಟವಾಯಿತು, ಪಿಎಸ್ 3ಕ್ಕಿಂತ ಮೇಲೆ.

ವೀ ಯಾವ ಜನರೇಷನ್? ಎಲ್ಲರೂ ಏಳನೆಯದು ಅಂತಲೇ ಎಣಿಸುತ್ತಾರೆ, ಪಿಎಸ್ 3ರ ಜೊತೆಗೇ. ಗ್ರಾಫಿಕ್ಸ್ ಶಕ್ತಿಯಿಂದ ಅಳೆದರೆ ಅದನ್ನು ಆರಕ್ಕೆ ಇಳಿಸಬೇಕಿತ್ತು. ಯಾರೂ ಇಳಿಸಲಿಲ್ಲ.

ನಿಂಟೆಂಡೋಗೆ ಇದು ಹೊಸ ಚಾಳಿಯಲ್ಲ. ಅಲ್ಲಿ ಗುನ್‌ಪೇ ಯೋಕೋಯಿ ಅನ್ನೋ ಎಂಜಿನಿಯರ್ ಇದ್ದರು. ಹಳತಾಗಿ, ಅಗ್ಗವಾಗಿ, ಪಳಗಿದ ತಂತ್ರಜ್ಞಾನವನ್ನೇ ಹೊಸ ರೀತಿ ಬಳಸಬೇಕು ಅನ್ನೋದು ಅವರ ದಾರಿ. 1989ರ ಗೇಮ್ ಬಾಯ್ ಹಾಗೇ ಹುಟ್ಟಿತು. ಕಪ್ಪು ಬಿಳುಪು ಅಲ್ಲ, ಹಸಿರು ಹಸಿರು ಪರದೆ. ಎದುರಾಳಿಗಳದ್ದು ಬಣ್ಣದ ಪರದೆ. ಆದರೆ ಸೆಗಾದ ಗೇಮ್ ಗೇರ್ ಆರು ಸೆಲ್ ನುಂಗಿ ಕೆಲವೇ ಗಂಟೆಯಲ್ಲಿ ಮಲಗುತ್ತಿತ್ತು, ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಓಡುತ್ತಿತ್ತು. ಸೆಲ್ಲಿಗೆ ಮನೆಯಲ್ಲಿ ದುಡ್ಡು ಕೇಳಿ ಬೈಸಿಕೊಂಡವರಿಗೆ ಇದರ ಬೆಲೆ ಗೊತ್ತು, ಅಲ್ವಾ?

ಜಾಸ್ತಿ ಶಕ್ತಿ, ಆದರೂ ಹಳೇದು

ಈಗ ಉಲ್ಟಾ ನೋಡೋಣ. 2013ರ ಪಿಎಸ್ 4ಗೆ 1.84 ಟೆರಾಫ್ಲಾಪ್. 2016ರ ಪ್ರೊಗೆ 4.2. ಎರಡು ಪಟ್ಟಿಗಿಂತ ಜಾಸ್ತಿ. 2017ರ ಎಕ್ಸ್‌ಬಾಕ್ಸ್ ಒನ್ ಎಕ್ಸ್‌ಗೆ 6, ಮೂಲ ಎಕ್ಸ್‌ಬಾಕ್ಸ್ ಒನ್‌ಗೆ ಇದ್ದದ್ದು 1.3. ನಾಲ್ಕು ಪಟ್ಟಿಗಿಂತ ಮೇಲೆ. ಶಕ್ತಿಯೇ ಮುಖ್ಯವಾಗಿದ್ದರೆ ಇವೆರಡೂ ಹೊಸ ಜನರೇಷನ್ ಆಗಬೇಕಿತ್ತು. ಆಗಲಿಲ್ಲ. ಯಾಕೆ?

ಬೀದರ್–ಕಲಬುರಗಿ ರೈಲು ನೆನೆಸಿಕೊಳ್ಳಿ. ಮೊದಲು ಬೀದರಿನಿಂದ ಕಲಬುರಗಿಗೆ ರೈಲಿನಲ್ಲೇ ಬರಬೇಕೆಂದರೆ ವಿಕಾರಾಬಾದ್, ವಾಡಿ ಸುತ್ತಬೇಕಿತ್ತು. ಆ ಹಳಿಯ ಮೇಲೆ ಎಂಥ ಜೋರಿನ ಎಂಜಿನ್ ಹಚ್ಚಿದರೂ ದಾರಿ ಅದೇ, ನಿಲ್ದಾಣ ಅವೇ. ಬೇಗ ಬರಬಹುದು, ಅಷ್ಟೇ. 2017ರಲ್ಲಿ ಹುಮನಾಬಾದ್ ಮೇಲೆ ಹಾದು ನೇರ ಹಳಿ ಚಾಲೂ ಆಯಿತು. ಆಗ ಬದಲಾದದ್ದು ದಾರಿಯೇ. ಮೊದಲು ರೈಲು ಕಾಣದ ಊರಿಗೆ ರೈಲು ಬಂತು.

ಪ್ರೊ ಅಂದರೆ ಹಳೇ ಹಳಿಯ ಮೇಲೆ ಜೋರಿನ ಎಂಜಿನ್. ಪ್ರೊನಲ್ಲಿ ಮಾತ್ರ ಓಡುವ ಗೇಮ್ ಮಾಡುವ ಹಾಗಿಲ್ಲ, ಎಲ್ಲ ಗೇಮೂ ಮಾಮೂಲಿ ಪಿಎಸ್ 4ರಲ್ಲೂ ಓಡಲೇಬೇಕು ಅಂತ ಸೋನಿಯೇ ನಿಯಮ ಮಾಡಿತ್ತು. ಹಾಗಾಗಿ ಹೆಚ್ಚಿನ ಶಕ್ತಿಯೆಲ್ಲ ಚಿತ್ರ ಚೊಕ್ಕ ಮಾಡುವುದಕ್ಕೆ ಖರ್ಚಾಯಿತು. ಅದೇ ಗೇಮ್, ಅದೇ ಊರು, ಅದೇ ಓಟ. ಅಂಚುಗಳು ಚೂಪಾದವು. 2024ರಲ್ಲಿ ಬಂದ ಪಿಎಸ್ 5 ಪ್ರೊ ಕಥೆಯೂ ಇದೇ.

ಈ ನಿಯಮಕ್ಕೂ ಅಪವಾದ ಇದೆ, ಮುಚ್ಚಿಡುವುದಿಲ್ಲ. ನಿಂಟೆಂಡೋ 2014ರಲ್ಲಿ ತನ್ನ ಕೈಗೇಮ್ 3ಡಿಎಸ್‌ನ ಜೋರಿನ ರೂಪ ತಂದಾಗ ಕೆಲವು ಗೇಮ್‌ಗಳು ಅದರಲ್ಲಿ ಮಾತ್ರ ಓಡಿದವು. ಆದರೂ ಅದನ್ನು ಹೊಸ ಜನರೇಷನ್ ಅಂತ ಯಾರೂ ಕರೆಯಲಿಲ್ಲ. ಗೆರೆ ಅಷ್ಟೇನೂ ನೆಟ್ಟಗಿಲ್ಲ.

ದಾಲ್ ಮಿಲ್ಲಿನ ಲೆಕ್ಕ

ಇಷ್ಟು ಹೇಳಿದ ಮೇಲೂ ಭಾವ ಒಪ್ಪಲಿಲ್ಲ. "ಹಳಿ ಅಂತೀ. ಹಂಗಾದ್ರ ಆ ನಾಲ್ಕರ ಪೆಟ್ಟಿಗ್ಯಾಗ ಹೊಸ ಹಳಿ ಎಲ್ಲದ ತೋರ್ಸು" ಅಂದರು. ಸರಿ ಅಂತ ಅವರ ಮಿಲ್ಲಿಗೇ ಹೋದೆ. ಮಾತಿನಲ್ಲಿ.

ಮಿಲ್ಲಿನಲ್ಲಿ ತೊಗರಿ ಒಡೆಯುವ ಯಂತ್ರ ಒಂದು. ಅದೇ ಜಿಪಿಯು. ಆ ಯಂತ್ರ ಎಷ್ಟೇ ಜೋರಿದ್ದರೂ ತಾನೇ ಎದ್ದು ಹೋಗಿ ಗೋದಾಮಿನಿಂದ ತೊಗರಿ ತರುವುದಿಲ್ಲ. ಹಮಾಲರು ಚೀಲ ಹೊತ್ತು ತಂದು ಯಂತ್ರದ ಪಕ್ಕದ ಕಟ್ಟೆಗೆ ಹಾಕಬೇಕು. ಗೋದಾಮು ಅಂದರೆ ಡಿಸ್ಕ್, ಗೇಮ್ ಇಡೀ ಅಲ್ಲಿ ಬಿದ್ದಿರುತ್ತದೆ. ಕಟ್ಟೆ ಅಂದರೆ ರ್‍ಯಾಮ್, ಈಗಿಂದೀಗ ಬೇಕಾದ ಮಾಲು ಮಾತ್ರ ಅಲ್ಲಿ. ಯಾವ ಥಪ್ಪಿಯಿಂದ ಎಷ್ಟು ಚೀಲ, ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುವ ಮೇಸ್ತ್ರಿ ಅಂದರೆ ಸಿಪಿಯು.

ಹಮಾಲರು ಕಡಿಮೆಯಾದರೆ ಏನಾಗುತ್ತದೆ? ಯಂತ್ರ ಸುಮ್ನೆ ತಿರುಗುತ್ತದೆ. ಕರೆಂಟ್ ಬಿಲ್ ಬರುತ್ತದೆ, ಬೇಳೆ ಬರುವುದಿಲ್ಲ. ಭಾವ ತಲೆ ಆಡಿಸಿದರು. ಇದು ಅವರು ನೋಡಿದ್ದೇ.

ಪಿಎಸ್ 4ರ ಗೋದಾಮು ತಿರುಗುವ ಹಾರ್ಡ್ ಡಿಸ್ಕ್. ಸೆಕೆಂಡಿಗೆ ಸುಮಾರು 50ರಿಂದ 100 ಮೆಗಾಬೈಟ್ ಹೊರಬಲ್ಲದು. ಅದರ ಕಟ್ಟೆ 8 ಗಿಗಾಬೈಟ್. ಕಟ್ಟೆ ಪೂರ್ತಿ ತುಂಬಬೇಕಾದರೆ ಒಂದು ನಿಮಿಷಕ್ಕೂ ಜಾಸ್ತಿ. ಪ್ರೊನಲ್ಲಿ ಯಂತ್ರ ಬದಲಾಯಿತು, ಗೋದಾಮು ಅದೇ ಥರದ ಹಾರ್ಡ್ ಡಿಸ್ಕ್. ಮೇಸ್ತ್ರಿಯೂ ಅವನೇ, ಸ್ವಲ್ಪ ಚುರುಕಾಗಿ ಓಡಾಡುತ್ತಾನೆ. 1.6 ಗಿಗಾಹರ್ಟ್ಸ್ ಇದ್ದದ್ದು 2.1 ಆಯಿತು.

ಸೀರೀಸ್ ಎಸ್‌ನಲ್ಲಿ ಇರೋದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯೇ ಇಲ್ಲದ ಚಿಪ್ಪಿನ ಗೋದಾಮು. ಸೆಕೆಂಡಿಗೆ 2.4 ಗಿಗಾಬೈಟ್. ಅದರ 10 ಗಿಗಾಬೈಟ್ ಕಟ್ಟೆ ನಾಲ್ಕೈದು ಸೆಕೆಂಡಿಗೆ ತುಂಬುತ್ತದೆ. ಪಿಎಸ್ 5ರದ್ದು ಇನ್ನೂ ಜೋರು, 5.5 ಗಿಗಾಬೈಟ್. ಸೀರೀಸ್ ಎಸ್‌ನ ಮೇಸ್ತ್ರಿ ಪೂರ್ತಿ ಹೊಸಬ, 3.6 ಗಿಗಾಹರ್ಟ್ಸ್‌ವರೆಗೆ ಓಡುತ್ತಾನೆ, ಒಂದೊಂದು ಸುತ್ತಿನಲ್ಲಿ ಹಳಬನಿಗಿಂತ ಎಷ್ಟೋ ಜಾಸ್ತಿ ಕೆಲಸ ಮುಗಿಸುತ್ತಾನೆ.

ಇನ್ನು ಯಂತ್ರದ ಮಾತು. 4 ಮತ್ತು 4.2 ಅನ್ನೋದು ಮೋಟರಿನ ಎಚ್‌ಪಿ ಅಂದೆನಲ್ಲ. ಹಳೇ ಯಂತ್ರ, ಹೊಸ ಯಂತ್ರ ಎರಡಕ್ಕೂ ಹೆಚ್ಚೂ ಕಡಿಮೆ ಅಷ್ಟೇ ಎಚ್‌ಪಿ ಇರಬಹುದು. ಹೊಸದರಲ್ಲಿ ನುಚ್ಚು ಕಡಿಮೆ, ಬೇಳೆ ಜಾಸ್ತಿ. ಜಿಪಿಯು ವಿನ್ಯಾಸವೂ ಹಾಗೇ. ಏಳು ಎಂಟು ವರ್ಷದಲ್ಲಿ ಅದೇ ಲೆಕ್ಕದಿಂದ ಹೆಚ್ಚು ಕೆಲಸ ತೆಗೆಯುವುದನ್ನು ಕಲಿತಿದ್ದಾರೆ. ಬೆಳಕಿನ ಕಿರಣ ಎಲ್ಲಿ ಬಡಿದು ಎಲ್ಲಿ ಪುಟಿಯುತ್ತದೆ ಅಂತ ಲೆಕ್ಕ ಹಾಕುವ ಪ್ರತ್ಯೇಕ ಭಾಗವೂ ಹೊಸದರಲ್ಲಿದೆ, ಹಳೇದರಲ್ಲಿಲ್ಲ. ಬೇರೆ ಬೇರೆ ಕಾಲದ ವಿನ್ಯಾಸಗಳ ಟೆರಾಫ್ಲಾಪನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೇ ಮೊದಲ ತಪ್ಪು.

ಇದರಿಂದ ಆಡುವವನಿಗೆ ಏನಾಗುತ್ತದೆ? ಹಳೇ ಗೇಮ್‌ಗಳಲ್ಲಿ ನಾಯಕ ಇಕ್ಕಟ್ಟಾದ ಸಂದಿಯಲ್ಲಿ ಅಡ್ಡಡ್ಡ ನುಸುಳುವುದು, ಲಿಫ್ಟಿನಲ್ಲಿ ಸುಮ್ಮನೆ ನಿಂತು ಮಾತಾಡುವುದು ನೋಡಿರುತ್ತೀರಿ. ಎಷ್ಟೋ ಸಲ ಅದು ಕಥೆಗಾಗಿ ಅಲ್ಲ. ಹಮಾಲರು ಮುಂದಿನ ಊರನ್ನು ಹೊತ್ತು ತರುವವರೆಗೆ ನಿಮ್ಮನ್ನು ಮಾತಿನಲ್ಲಿ ಇಡುವ ಉಪಾಯ. ಮದುವೆ ಮನೆಯಲ್ಲಿ ಅಡುಗೆ ತಡವಾದಾಗ ಶರಬತ್ತು ಹಂಚುತ್ತಾರಲ್ಲ, ಹಾಗೆ. ಎಸ್‌ಎಸ್‌ಡಿಯನ್ನೇ ನಂಬಿ ಬರೆದ ಗೇಮಿಗೆ ಈ ಶರಬತ್ತು ಬೇಕಿಲ್ಲ. ಊರಿನ ಈ ತುದಿಯಿಂದ ಆ ತುದಿಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಾರಬಹುದು. ಅಂಥ ಗೇಮನ್ನು ಪ್ರೊಗೆ ತುರುಕಿದರೆ 4.2 ಅಲ್ಲ, 8.2 ಇದ್ದರೂ ಕಟ್ಟೆ ಖಾಲಿ.

ಹೊಸ ಹಳಿ ಇರೋದು ಅಲ್ಲಿ.

ಗೆರೆ ಎಳೆಯುವವರು ಯಾರು

ಹಾಗಂತ ಎಸ್‌ಎಸ್‌ಡಿಯೇ ಜನರೇಷನ್ ಅಂತ ಹೊಸ ಮಂತ್ರ ಹಿಡಿದರೆ ಅದೂ ತಪ್ಪು. ಒಂದು ಸಲ ಸಿಡಿ, ಒಂದು ಸಲ ಎಸ್‌ಎಸ್‌ಡಿ. ಪ್ರತಿ ಸಲ ಗುರುತು ಬೇರೆ. ಬದಲಾಗದೇ ಉಳಿದಿರುವುದು ಒಂದೇ: ಗೇಮ್ ಬರೆಯುವವರು ಯಾವ ಪೆಟ್ಟಿಗೆಯನ್ನು ಕನಿಷ್ಠ ಅಂತ ಇಟ್ಟುಕೊಂಡು ಬರೆಯುತ್ತಾರೆ ಅನ್ನೋದು. ಆ ಕನಿಷ್ಠದ ಗೆರೆ ಮೇಲೆ ಸರಿದಾಗ ಜನರೇಷನ್ ನಿಜವಾಗಿ ಬದಲಾಗುತ್ತದೆ. ಅಂಗಡಿಗೆ ಹೊಸ ಡಬ್ಬಿ ಬಂದ ದಿನವೇ ಆಗುವುದಿಲ್ಲ.

ಪಿಎಸ್ 5 ಬೇರೆ ದೇಶಗಳಲ್ಲಿ 2020ರ ನವೆಂಬರಿನಲ್ಲೂ ಭಾರತದಲ್ಲಿ 2021ರ ಫೆಬ್ರವರಿಯಲ್ಲೂ ಬಂತು. ಆದರೆ 2022ರ ಗಾಡ್ ಆಫ್ ವಾರ್ ರ್‍ಯಾಗ್ನರಾಕ್ ಪಿಎಸ್ 4ಕ್ಕೂ ಬಂತು. 2023ರ ಸ್ಪೈಡರ್‌ಮ್ಯಾನ್ 2 ಬಂದಾಗ ಪಿಎಸ್ 4ರವರಿಗೆ ಬಾಗಿಲು ಹಾಕಿತ್ತು. ನಡುವಿನ ಎರಡು ಮೂರು ವರ್ಷ ಎರಡು ದೋಣಿಯ ಮೇಲೆ ಕಾಲಿಟ್ಟ ಕಾಲ. ಕೋಟಿಗಟ್ಟಲೆ ಜನರ ಮನೆಯಲ್ಲಿ ಹಳೇ ಪೆಟ್ಟಿಗೆ ಇರುವಾಗ ಯಾವ ವ್ಯಾಪಾರಿ ಅವರನ್ನು ಬಿಡುತ್ತಾನೆ?

ಪಿಎಸ್ 2 ಇದಕ್ಕೆ ದೊಡ್ಡ ಸಾಕ್ಷಿ. 2000ದಲ್ಲಿ ಬಂದದ್ದು. ಶಕ್ತಿಯಲ್ಲಿ 2001ರ ಗೇಮ್‌ಕ್ಯೂಬ್, ಎಕ್ಸ್‌ಬಾಕ್ಸ್ ಎರಡೂ ಅದಕ್ಕಿಂತ ಮುಂದಿದ್ದವು. ಮಾರಾಟದಲ್ಲಿ ಅವೆರಡನ್ನೂ ಕೂಡಿಸಿದರೂ ಅದರ ಮೂರನೇ ಒಂದು ಪಾಲು ಆಗುವುದಿಲ್ಲ. 15 ಕೋಟಿಗೂ ಮೇಲೆ ಹೋಯಿತು. ಡಿವಿಡಿ ಸಿನಿಮಾ ನೋಡಬಹುದು ಅನ್ನೋ ಆಸೆಗೇ ಎಷ್ಟೋ ಜನ ತಂದರು. ಪಿಎಸ್ 3 ಬಂದು ಮೂರು ವರ್ಷ ಆದಮೇಲೆ, 2009ರಲ್ಲಿ, ನಮ್ಮ ಪಕ್ಕದ ಹೈದರಾಬಾದಿನಲ್ಲಿ ಪಿಎಸ್ 2ಗಾಗಿ ಹನುಮಂತನ ಗೇಮ್ ತಯಾರಾಯಿತು. ಫಿಫಾ 14 ಕೂಡ ಪಿಎಸ್ 2ಗೆ ಬಂತು, 2013ರಲ್ಲಿ. ಅದೇ ವರ್ಷ ಪಿಎಸ್ 4 ಬಂದದ್ದು! ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಪಾರ್ಲರಿನಲ್ಲಿ ಆಡಿದ ನನ್ನ ವಯಸ್ಸಿನವರಿಗೆ ಆರನೇ ಜನರೇಷನ್ ಮುಗಿದದ್ದೇ ಗೊತ್ತಾಗಲಿಲ್ಲ.

ಕಂಪನಿಗಳಿಗೂ ಗೆರೆ ಎಳೆಯುವುದರಲ್ಲಿ ಸ್ವಾರ್ಥವಿದೆ. ಹೊಸ ಜನರೇಷನ್ ಅಂದರೆ ಹೊಸ ಡಬ್ಬಿ ಮಾರಬಹುದು. ಎಣಿಕೆಗೆ ಸಿಗದ ಪೆಟ್ಟಿಗೆಗಳೂ ಇವೆ. 2017ರ ನಿಂಟೆಂಡೋ ಸ್ವಿಚ್ ಟಿವಿಗೂ ಹಚ್ಚಬಹುದು, ಕೈಯಲ್ಲೂ ಹಿಡಿಯಬಹುದು. ಶಕ್ತಿ ಪಿಎಸ್ 4ಕ್ಕಿಂತ ಕಡಿಮೆ, ಮಾರಾಟ 15 ಕೋಟಿ ದಾಟಿತು. ಅದನ್ನು ಎಂಟನೆಯದು ಅನ್ನುವವರಿದ್ದಾರೆ, ಒಂಬತ್ತನೆಯದು ಅನ್ನುವವರೂ ಇದ್ದಾರೆ. ಸ್ವಿಚ್ 2 ಕೂಡ 2025ರಲ್ಲಿ ಬಂತು. ಅವರು ತಮ್ಮ ಗಡಿಯಾರದಲ್ಲೇ ನಡೆಯುತ್ತಾರೆ.

ಅಕ್ಕನ ಪ್ರಶ್ನೆ

ಇಷ್ಟೊತ್ತು ರೊಟ್ಟಿ ಹಚ್ಚುತ್ತ ಕೇಳುತ್ತಿದ್ದ ಅಕ್ಕ ಒಂದೇ ಮಾತು ಕೇಳಿದಳು. "ನಮ್ಮ ಟಿವಿಗಿ ಯಾವುದು ಸಾಕಾಗ್ತದ?"

ನಿಜ ಹೇಳಬೇಕೆಂದರೆ ಮೊದಲು ಕೇಳಬೇಕಾದದ್ದು ಅದೇ. ಅವರ ಮನೆಯದು 4ಕೆ ಟಿವಿಯಲ್ಲ, ಫುಲ್ ಎಚ್‌ಡಿ. 83 ಲಕ್ಷ ಚುಕ್ಕಿ ಬರೆಯುವ ಶಕ್ತಿಗೆ ದುಡ್ಡು ಕೊಟ್ಟರೂ ಕಾಣುವುದು 20.7 ಲಕ್ಷ. ಹಳೇ ಗೇಮ್‌ಗಳನ್ನು ಅಗ್ಗಕ್ಕೆ ಆಡಿದರೆ ಸಾಕು ಅನ್ನುವವರಿಗೆ ಸೆಕೆಂಡ್ ಹ್ಯಾಂಡ್ ಪ್ರೊ ಕೆಟ್ಟದ್ದೇನಲ್ಲ. ಅದರಲ್ಲಿ ಡಿಸ್ಕ್ ಹಾಕಬಹುದು, ಗೆಳೆಯರ ಹತ್ತಿರ ಇಸಿದುಕೊಂಡು ಆಡಬಹುದು. ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಎಲ್ಲ ಗೇಮೂ ಇಂಟರ್ನೆಟ್ಟಿನಿಂದಲೇ ಇಳಿಸಬೇಕು, ಒಂದೊಂದು 100 ಗಿಗಾಬೈಟ್ ದಾಟುವುದೂ ಉಂಟು. ಗೋದಾಮು ಇರೋದು 512 ಗಿಗಾಬೈಟ್. ಇದನ್ನು ಅಳಿಯನಿಗೂ ಹೇಳಿದೆ. ಅವನಿಗೆ ಮಾತ್ರ ಮುಂದೆ ಬರುವ ಗೇಮ್ ಬೇಕು. ಆ ಗೇಮ್ ಬರುವುದು ಹೊಸ ಹಳಿಯ ಮೇಲೆ.

ಎಸ್ ತಂದರು. ಮೊದಲ ಗೇಮ್ ಇಳಿಯುವುದಕ್ಕೆ ಒಂದು ರಾತ್ರಿ ಹಿಡಿಯಿತು, ನಡುವೆ ಎರಡು ಸಲ ಕರೆಂಟ್ ಹೋಯಿತು. ಬೆಳಿಗ್ಗೆ ಅಳಿಯ ಗೇಮ್ ಒತ್ತಿದಾಗ ಭಾವ ಕೈಗಡಿಯಾರ ನೋಡುತ್ತ ನಿಂತಿದ್ದರಂತೆ. ಪರದೆಯ ಮೇಲೆ ಊರು ಮೂಡಿತು. ಅವರು ಗಡಿಯಾರದಿಂದ ತಲೆ ಎತ್ತಿ, "ಹಮಾಲರು ಚುರುಕ್ ಅದಾರ" ಅಂದು ಮಿಲ್ಲಿಗೆ ಹೊರಟರು.